ಆ್ಯಸಿಡ್ ಬಿಟ್ಟು ಮೈಲುತುತ್ತಕ್ಕೆ ಬಂದೆ: ಅಲ್ಯೂಮಿನಿಯಂ ಎಚ್ಚಿಂಗ್, ನನ್ನ ಅನುಭವ

ಎಚ್ಚಿಂಗ್ ಎಂದರೆ ಲೋಹದ ಪ್ಲೇಟಿನಲ್ಲಿ ಗೆರೆಗಳನ್ನು ದ್ರಾವಣದಿಂದ ಕೊರೆಸಿ, ಅವಕ್ಕೆ ಶಾಯಿ ತುಂಬಿ ಪೇಪರ್ ಮೇಲೆ ಚಿತ್ರ ಒತ್ತುವುದು. ಅಲ್ಯೂಮಿನಿಯಂ ಪ್ಲೇಟ್ ನಂಬಿಕೊಂಡು ಎಡಿಷನ್‌ಗೆ, ಅಂದರೆ ಒಂದೇ ಪ್ಲೇಟಿನಿಂದ ತೆಗೆಯುವ ಪ್ರಿಂಟ್‌ಗಳ ಪೂರ್ತಿ ಕಂತೆಗೆ, ಕೈ ಹಾಕಬೇಡ ಎಂದು ಹೇಳದವರೇ ಇಲ್ಲ. ಗೆರೆ ಒರಟಾಗುತ್ತದೆ, ಹತ್ತು ಪ್ರಿಂಟ್ ಆಗುವಷ್ಟರಲ್ಲಿ ಸವೆಯುತ್ತದೆ, ಸುಮ್ನೆ ಪೇಪರ್ ದಂಡ ಎಂದರು. ಈಗ ನಲವತ್ತರ ಹತ್ತಿರ ಪ್ರಿಂಟ್ ತೆಗೆದು ಸಹಿ ಹಾಕಿ ಮುಗಿಸಿದ್ದೇನೆ. ಮೊದಲನೆಯದನ್ನೂ ಕೊನೆಯದನ್ನೂ ಪಕ್ಕದಲ್ಲಿಟ್ಟು ನೋಡಿದವರು ಯಾವುದು ಮೊದಲು ಎಂದು ಹೇಳಲಾಗಲಿಲ್ಲ. ಅದೂ ನೈಟ್ರಿಕ್ ಆ್ಯಸಿಡ್ ಮುಟ್ಟದೆ.

ದ್ರಾವಣದಲ್ಲಿ ಗುಟ್ಟೇನಿಲ್ಲ. ಮೈಲುತುತ್ತ (ಕಾಪರ್ ಸಲ್ಫೇಟ್) ಮತ್ತು ಅಡುಗೆ ಉಪ್ಪು, ತೂಕದಲ್ಲಿ ಸಮಸಮ. ಲೀಟರ್ ನೀರಿಗೆ ತಲಾ 50ರಿಂದ 70 ಗ್ರಾಂ. ಉಪ್ಪಿಲ್ಲದೆ ಅಲ್ಯೂಮಿನಿಯಂ ಜಗ್ಗುವುದಿಲ್ಲ, ಮೇಲಿನ ಆಕ್ಸೈಡ್ ಪದರ ಒಡೆಯುವುದೇ ಉಪ್ಪಿನಿಂದ. ನೈಟ್ರಿಕ್‌ನಂತೆ ಕಂದು ಹೊಗೆ ಇಲ್ಲ. ಆದರೆ ಹೈಡ್ರೋಜನ್ ಗುಳ್ಳೆ ಏಳುತ್ತವೆ, ಕಿಟಕಿ ತೆಗೆದಿರಬೇಕು.

ತೊಂದರೆ ಕೊಟ್ಟಿದ್ದು ಬಿಸಿ. ಎಚ್ಚಿಂಗ್ ಶುರುವಾದರೆ ದ್ರಾವಣ ತಾನೇ ಕಾಯುತ್ತದೆ. ಕಾದಷ್ಟೂ ವೇಗ ಜಾಸ್ತಿ. ಮೊದಲ ಪ್ಲೇಟ್ ಚೆನ್ನಾಗಿ ಬಂದರೆ, ಅದೇ ಟ್ರೇಗೆ ಇಳಿದ ಎರಡನೆಯದರಲ್ಲಿ ಹಾರ್ಡ್ ಗ್ರೌಂಡ್ (ಗೆರೆ ಬಿಟ್ಟು ಉಳಿದ ಲೋಹವನ್ನು ಕಾಪಾಡುವ ಲೇಪ) ಅಂಚಿನಿಂದಲೇ ಏಳುತ್ತಿತ್ತು. ಕೂದಲೆಳೆಯಂಥ ಗೆರೆಗಳು ಒಂದಕ್ಕೊಂದು ಕೂಡಿ ಹಳ್ಳವಾಗುತ್ತಿದ್ದವು. ಒಂದು ಇಡೀ ಸರಣಿ ಹಾಗೆ ಹೋಯಿತು. ಜೊತೆಗೆ ಮೈಲುತುತ್ತದಿಂದ ಬೇರೆಯಾದ ಕೆಂಪು ತಾಮ್ರದ ಹಿಟ್ಟು ಗೆರೆಯೊಳಗೆ ಕೂರುತ್ತದೆ. ಅದು ಕೂತ ಕಡೆ ಎಚ್ಚಿಂಗ್ ನಿಲ್ಲುತ್ತದೆ, ಪಕ್ಕದಲ್ಲಿ ಮುಂದುವರಿಯುತ್ತದೆ. ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೆದರೆ ಗೆರೆ ತುಂಡು ತುಂಡು.

ಎರಡಕ್ಕೂ ಸೇರಿ ಒಂದೇ ದಾರಿ ಸಿಕ್ಕಿತು. ಟ್ರೇ ಬಿಟ್ಟು ಆಳವಾದ ತೊಟ್ಟಿ ತಂದೆ, ಪ್ಲೇಟನ್ನು ನಿಲ್ಲಿಸಿ ಇಳಿಸಿದೆ. ತಾಮ್ರ ತಾನೇ ಜಾರಿ ತಳಕ್ಕೆ ಬೀಳುತ್ತದೆ. ನೀರು ಜಾಸ್ತಿ ಇರುವುದರಿಂದ ಬಿಸಿಯೂ ನಿಧಾನಕ್ಕೆ ಏರುತ್ತದೆ. ನಡುನಡುವೆ ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು. ಸಣ್ಣ ಗೆರೆಗೆ ಐದಾರು ನಿಮಿಷ, ದಪ್ಪ ಗೆರೆಗೆ ಕಾಲು ಗಂಟೆಯ ಆಸುಪಾಸು. ಗ್ರೌಂಡ್‌ಗೆ ನಾನು ಏನೋ ಸ್ವಲ್ಪ ಬೆರೆಸುತ್ತೇನೆ, ಅದರಿಂದ ಅಂಚು ಏಳುವುದಿಲ್ಲ. ಅದೇನೆಂದು ಸದ್ಯಕ್ಕೆ ಹೇಳುವುದಿಲ್ಲ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಬೇರೆಯೇ. ಗ್ರೌಂಡ್ ಇಲ್ಲದ ಬಯಲು ಜಾಗ ಈ ದ್ರಾವಣದಲ್ಲಿ ತಾನಾಗೇ ತರಿತರಿಯಾಗಿ ಶಾಯಿ ಹಿಡಿಯುತ್ತದೆ. ಇಂಥ ಛಾಯೆಗೆಂದು ಸಾಮಾನ್ಯವಾಗಿ ಮಾಡುವ ರಾಳದ ಪುಡಿ ಉದುರಿಸುವುದು, ಕೆಳಗಿಂದ ಕಾಯಿಸುವುದು ಯಾವುದೂ ಬೇಡ. ಎರಡು ನಿಮಿಷಕ್ಕೆ ಬೂದು, ಐದಕ್ಕೆ ಗಾಢ. ಆ ಕಪ್ಪಿನಲ್ಲಿ ಮಳೆ ಬಿದ್ದ ಮಣ್ಣಿನಂಥ ಒಂದು ಗುಣ ಇದೆ. ಜಿಂಕ್‌ನಲ್ಲಿ ವರ್ಷಗಟ್ಟಲೆ ಒದ್ದಾಡಿದರೂ ಅದು ನನಗೆ ಬಂದಿರಲಿಲ್ಲ. ಗೆರೆ ಒರಟು ಎಂದವರು ಈ ಕಪ್ಪನ್ನು ನೋಡಲಿ. ಆದರೆ ತಿಳಿ ಹಳದಿ, ಬಿಳಿ ಶಾಯಿ ಮಾತ್ರ ಈ ಲೋಹದ ಮೇಲೆ ಒರೆಸುವಾಗ ಬೂದು ತಿರುಗುತ್ತವೆ. ನಾನು ಆ ಬಣ್ಣಗಳನ್ನು ಲಿನೋ ಬ್ಲಾಕ್‌ನಲ್ಲಿ (ಕೆತ್ತಿದ ಲಿನೋಲಿಯಂ ಅಚ್ಚು) ಬೇರೆಯಾಗಿ ಹಾಕುತ್ತೇನೆ.

ತಳದ ತಾಮ್ರವನ್ನು ತೊಳೆದು, ಒಣಗಿಸಿ, ಅರೆದು ಶಾಯಿಗೂ ಸೇರಿಸಿ ನೋಡಿದೆ. ಹೊಳಪು ಬರಲಿಲ್ಲ, ಇಟ್ಟಿಗೆ ಬಣ್ಣದ ಕಂದು ಬಂತು. ಕೆಲವು ವಾರದಲ್ಲಿ ಅದೂ ಕಪ್ಪಾಯಿತು. ಎರಡು ಪ್ರೂಫ್ ಇಟ್ಟುಕೊಂಡಿದ್ದೇನೆ, ಮಾರುವುದಿಲ್ಲ.

ದುಡ್ಡಿನ ವಿಷಯ. ಪ್ಲೇಟ್, ರಾಸಾಯನಿಕ ಎರಡೂ ಸೇರಿ ಹಿಂದಿನ ಖರ್ಚಿನ ಕಾಲು ಭಾಗಕ್ಕೆ ಬಂದಿದೆ. ಉಳಿದದ್ದೆಲ್ಲ ಪೇಪರ್‌ಗೆ ಹೋಗುತ್ತದೆ, ಹೋಗಲೇಬೇಕು ಅಲ್ವಾ? ಒಳ್ಳೆಯ ಕಾಟನ್ ಪೇಪರ್ ಇಲ್ಲದಿದ್ದರೆ ಆ ಕಪ್ಪು ಬಣ್ಣ ಹಾಳೆಗೆ ಇಳಿಯುವುದೇ ಇಲ್ಲ. ಮೊದಲ ಏಳೆಂಟು ಪ್ರಿಂಟ್ ಮಾರಿದಾಗ ಇಡೀ ಎಡಿಷನ್ನಿನ ಸಾಮಾನಿನ ಖರ್ಚು ವಾಪಸ್ ಬಂತು. ಹಿಂದೆ ಅರ್ಧ ಎಡಿಷನ್ ಮಾರಿದರೂ ಬರುತ್ತಿರಲಿಲ್ಲ. ಹಾಗಾಗಿ ಈಗ ಬೆಳಿಗ್ಗೆ ಆರ್ಡರ್ ಪ್ರಿಂಟಿಂಗ್, ಮಧ್ಯಾಹ್ನದ ನಂತರ ಪೂರ್ತಿ ನನ್ನದೇ ಪ್ಲೇಟ್.

ನೀಲಿ ಬಣ್ಣ ಹೋಗಿ ತಿಳಿಯಾದರೆ ದ್ರಾವಣದ ಶಕ್ತಿ ಮುಗಿಯಿತು ಎಂದರ್ಥ. ಅದನ್ನು ಚರಂಡಿಗೆ ಸುರಿಯಬೇಡಿ, ಉಳಿದ ತಾಮ್ರ ಮೀನುಗಳಿಗೆ ವಿಷ. ವಾಷಿಂಗ್ ಸೋಡಾ ಸ್ವಲ್ಪಸ್ವಲ್ಪವೇ ಹಾಕಿ. ನೊರೆ ಉಕ್ಕುತ್ತದೆ, ಆದ್ದರಿಂದ ದೊಡ್ಡ ಬಕೆಟ್ ಇರಲಿ. ರಾತ್ರಿ ಬಿಟ್ಟರೆ ಕೆಸರು ಕೆಳಗಿಳಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ರಾಸಾಯನಿಕ ಕಸದ ಜೊತೆ ಕೊಡಿ. ಮುಂದಿನ ತಿಂಗಳು ಇದೇ ತೊಟ್ಟಿಯಲ್ಲಿ ಮೈಲ್ಡ್ ಸ್ಟೀಲ್ ಇಳಿಸುತ್ತಿದ್ದೇನೆ.