ಕೌದಿಗೆ ಬಟ್ಟೆ ಹೊಂದಿಸುವುದು ಹೇಗೆ? ಬಣ್ಣಕ್ಕಿಂತ ಮೊದಲು ತಿಳಿ–ಗಾಢ ನೋಡಿ

ಅಂಗಡಿಯಲ್ಲಿ ಒಂದಕ್ಕಿಂತ ಒಂದು ಚೆಂದವೆನಿಸಿದ ಹತ್ತು ಬಟ್ಟೆಗಳು ಕೌದಿಯಾಗಿ ಕೂಡಿದ ಮೇಲೆ ಮಂಕಾಗಿ, ಒಂದರೊಳಗೊಂದು ಕಲಸಿಹೋದಂತೆ ಕಾಣುವುದನ್ನು ಚಿಕ್ಕಮಗಳೂರು, ಹಾಸನದ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಹೊಲಿಗೆಯಲ್ಲಿ ದೋಷವಿರುವುದಿಲ್ಲ, ಮೂಲೆಗೆ ಮೂಲೆ ಕೂಡಿರುತ್ತದೆ, ಓಟಹೊಲಿಗೆ ನೇರವಾಗಿರುತ್ತದೆ. ಆದರೂ ನಕ್ಷತ್ರವೆಂದು ಕತ್ತರಿಸಿ ಜೋಡಿಸಿದ್ದು ನಕ್ಷತ್ರವಾಗಿ ಕಾಣುವುದಿಲ್ಲ. ತಿಂಗಳುಗಟ್ಟಲೆ ಕುಳಿತು ಮಾಡಿದ ಕೆಲಸಕ್ಕೆ ಇಂಥ ಗತಿ ಬರಬಾರದು. ತಪ್ಪು ನಡೆಯುವುದು ಸೂಜಿ ಹಿಡಿಯುವ ಮೊದಲೇ, ಬಟ್ಟೆಗಳನ್ನು ಗುಂಪಾಗಿ ಆರಿಸುವ ಹಂತದಲ್ಲಿ.

ಇದಕ್ಕೆ ಮುಖ್ಯ ಕಾರಣ ಸೀರೆಗೆ ರವಿಕೆ ಹೊಂದಿಸಿ ರೂಢಿಯಾದ ನಮ್ಮ ಕಣ್ಣು. ಮ್ಯಾಚಿಂಗ್ ಸೆಂಟರ್‌ನಲ್ಲಿ ನಾವು ಹುಡುಕುವುದು ಸೀರೆಯ ಅಂಚಿನ ಬಣ್ಣಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ತುಂಡನ್ನು. ಕೌದಿಗೆ ಬೇಕಾದದ್ದು ಅದಕ್ಕೆ ವಿರುದ್ಧವಾದ ಗುಣ. ಒಂದೇ ಹಸಿರಿನ ನಾಲ್ಕು ಬಟ್ಟೆಗಳು ಪಕ್ಕಪಕ್ಕದಲ್ಲಿ ಬಂದರೆ ಕಣ್ಣಿಗೆ ಒಂದೇ ದೊಡ್ಡ ಹಸಿರು ಹಾಸಾಗಿ ತೋರುತ್ತವೆ. ಪಾಚಿ, ಗಿಣಿ, ಬಾಳೆ ಎಲೆ, ಮಾವಿನ ಚಿಗುರು ಎಂದು ನಾಲ್ಕು ಹಸಿರುಗಳಿದ್ದರೆ ಹಾಸಿಗೆ ಜೀವ ಬರುತ್ತದೆ.

ಮೊದಲ ಹೆಜ್ಜೆ: ದಾರಿ ತೋರುವ ಒಂದು ಬಟ್ಟೆ

ಕನಿಷ್ಠ ನಾಲ್ಕೈದು ಬಣ್ಣಗಳಿರುವ, ದೊಡ್ಡ ಚಿತ್ತಾರದ, ನಿಮಗೆ ನಿಜವಾಗಿಯೂ ಇಷ್ಟವಾದ ಒಂದು ಹತ್ತಿ ಬಟ್ಟೆಯನ್ನು ಮೊದಲು ಆರಿಸಿ. ಉಳಿದ ಬಣ್ಣಗಳನ್ನೆಲ್ಲ ಅದರಿಂದಲೇ ತೆಗೆಯಬೇಕು. ಕೆಲವು ಸ್ಕ್ರೀನ್ ಪ್ರಿಂಟ್ ಬಟ್ಟೆಗಳ ಅಂಚಿನ ಪಟ್ಟಿಯಲ್ಲಿ ಮುದ್ರಣಕ್ಕೆ ಬಳಸಿದ ಪ್ರತಿಯೊಂದು ಬಣ್ಣದ ಚುಕ್ಕೆ ಸಾಲಾಗಿ ಇರುತ್ತದೆ. ಆ ಪಟ್ಟಿಯನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅಂಗಡಿಗೆ ಇಡೀ ಬಟ್ಟೆಯನ್ನು ಹೊತ್ತೊಯ್ಯಬೇಕಾಗಿಲ್ಲ.

ಆರಿಸಿದ ಬಣ್ಣಗಳ ಪೈಕಿ ಒಂದಕ್ಕೆ ಹೆಚ್ಚು ಜಾಗ, ಎರಡಕ್ಕೆ ಮಧ್ಯಮ, ಒಂದಕ್ಕೆ ಬಹಳ ಕಡಿಮೆ ಜಾಗ ಕೊಡಿ. ಕಾಫಿ ಗಿಡದಲ್ಲಿ ಕೆಂಪು ಹಣ್ಣು ದೂರದಿಂದಲೇ ಕಣ್ಣಿಗೆ ಬೀಳುವುದು ಎಲೆಯ ಹಸಿರಿಗಿಂತ ಅದು ಬಹಳ ಕಡಿಮೆ ಇರುವುದರಿಂದ, ಕೌದಿಯಲ್ಲಿಯೂ ಅಷ್ಟೇ. ಕೆಂಪು, ಕಿತ್ತಳೆ, ಅಚ್ಚ ಹಳದಿಯಂಥ ತೀಕ್ಷ್ಣ ಬಣ್ಣಗಳು ಹತ್ತರಲ್ಲಿ ಒಂದು ಪಾಲನ್ನು ಮೀರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯ ಹೆಜ್ಜೆ: ತಿಳಿ, ನಡು, ಗಾಢ

ಎಲ್ಲರೂ ಎಡವುವುದು ಇಲ್ಲಿ, ಆದ್ದರಿಂದ ಇಲ್ಲಿ ಸಮಯ ಕೊಡಿ.

ಕೌದಿಯ ವಿನ್ಯಾಸವನ್ನು ಕಣ್ಣಿಗೆ ಬಿಡಿಸಿ ತೋರಿಸುವುದು ಬಣ್ಣದ ಹೆಸರಿಗಿಂತ ಹೆಚ್ಚಾಗಿ ಅದು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬ ಅಂತರ. ಕುಂಕುಮದ ಕೆಂಪಿನ ನಕ್ಷತ್ರವನ್ನು ಅಷ್ಟೇ ಗಾಢವಾದ ಹಸಿರಿನ ಮೇಲೆ ಕೂರಿಸಿದರೆ, ಹೆಸರಿನಲ್ಲಿ ಅವು ವಿರುದ್ಧ ಬಣ್ಣಗಳಾದರೂ ಅಂಚುಗಳು ನಡುಗಿದಂತಾಗಿ ಆಕಾರ ಕಳೆದುಹೋಗುತ್ತದೆ. ಅದೇ ನಕ್ಷತ್ರವನ್ನು ತಿಳಿ ನೀಲಿಯಲ್ಲಿ ಕತ್ತರಿಸಿ ಗಾಢ ನೀಲಿಯ ಮೇಲೆ ಇಟ್ಟು ನೋಡಿ. ಎರಡೂ ನೀಲಿಯೇ ಆಗಿದ್ದರೂ ಕೋಣೆಯ ಆ ತುದಿಯಿಂದ ಅದರ ಮೊನೆಗಳನ್ನು ಎಣಿಸಬಹುದು.

ಬಟ್ಟೆ ಕೊಳ್ಳುವವರ ಕೈ ತಾನಾಗಿ ನಡು ಛಾಯೆಯ ಕಡೆಗೇ ಹೋಗುತ್ತದೆ, ಏಕೆಂದರೆ ಅಂಗಡಿಯ ಕಪಾಟಿನಲ್ಲಿ ತುಂಬಾ ಕಾಣುವುದೂ, ಬಿಡಿಯಾಗಿ ನೋಡಿದಾಗ ಆಕರ್ಷಿಸುವುದೂ ಅವೇ. ತೀರ ತಿಳಿಯಾದವು ಬೇಗ ಕೊಳೆಯಾಗುತ್ತವೆಂದೂ, ತೀರ ಗಾಢವಾದವು ಮನೆಗೆ ಶೋಭಿಸುವುದಿಲ್ಲವೆಂದೂ ಬಿಟ್ಟುಬಿಡುತ್ತಾರೆ. ಹತ್ತು ಬಟ್ಟೆಗಳ ಗುಂಪಿನಲ್ಲಿ ಮೂರು ತಿಳಿ, ನಾಲ್ಕು ನಡು, ಮೂರು ಗಾಢ ಎಂದು ಮೊದಲೇ ನಿಗದಿ ಮಾಡಿಕೊಳ್ಳಿ. ನಡು ಛಾಯೆಯವು ನಾಲ್ಕಾದ ಮೇಲೆ ಐದನೆಯದು ಎಷ್ಟೇ ಮನಸೆಳೆದರೂ ಅದನ್ನು ಬೇರೆ ಕೌದಿಗೆ ಎತ್ತಿಡಿ.

ಅಂತರವನ್ನು ಪರೀಕ್ಷಿಸುವ ಸುಲಭ ಸಾಧನ ಮೊಬೈಲ್. ಬಟ್ಟೆಗಳನ್ನು ಒಂದರ ಪಕ್ಕ ಒಂದು, ಪ್ರತಿಯೊಂದೂ ಮೂರು ಬೆರಳಿನಷ್ಟು ಕಾಣುವಂತೆ ಮಡಿಸಿ ಜೋಡಿಸಿ, ಎಲ್ಲವನ್ನೂ ಒಂದೇ ಚಿತ್ರದಲ್ಲಿ ಹಿಡಿದು ಕಪ್ಪು-ಬಿಳುಪಿಗೆ ಬದಲಿಸಿ. ಒಂದೊಂದನ್ನೇ ಬಿಡಿಯಾಗಿ ಚಿತ್ರ ತೆಗೆದರೆ ಕ್ಯಾಮೆರಾ ಪ್ರತಿಸಲವೂ ಬೆಳಕನ್ನು ತಾನೇ ಹೊಂದಿಸಿಕೊಂಡು ಎಲ್ಲವನ್ನೂ ಒಂದೇ ಬೂದಿಗೆ ಎಳೆಯುತ್ತದೆ. ಆ ಚಿತ್ರಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಕಪ್ಪು-ಬಿಳುಪಿನ ಚಿತ್ರದಲ್ಲಿ ಯಾವ ಎರಡು ಬಟ್ಟೆಗಳ ನಡುವಿನ ಗೆರೆ ಅಳಿಸಿಹೋದಂತೆ ಕಾಣುತ್ತದೆಯೋ ಅವೆರಡನ್ನು ಕೌದಿಯಲ್ಲಿ ನಕ್ಷತ್ರ ಮತ್ತು ಅದರ ನೆಲವಾಗಿ ಬಳಸಬಾರದು. ಕೆಂಪು ಗಾಜುಕಾಗದದ ಮೂಲಕ ನೋಡುವ ಹಳೆಯ ಉಪಾಯವೂ ಇದೆ. ಆದರೆ ಅದರ ಮೂಲಕ ಕೆಂಪು, ಕಿತ್ತಳೆ ಬಟ್ಟೆಗಳು ಇರುವುದಕ್ಕಿಂತ ತಿಳಿಯಾಗಿ ತೋರುವುದರಿಂದ ಕೆಂಪು ಹೆಚ್ಚಿರುವ ಗುಂಪಿಗೆ ಅದನ್ನು ನಂಬಬೇಡಿ. ಯಾವ ಸಾಧನವೂ ಇಲ್ಲದಾಗ ಕಣ್ಣನ್ನು ಅರೆಮುಚ್ಚಿ ದೂರ ನಿಂತು ನೋಡುವುದೇ ಸಾಕು.

ಚಿತ್ತಾರದ ಬಟ್ಟೆಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಬಿಳಿ ನೆಲದ ಮೇಲೆ ಸಣ್ಣ ಕಪ್ಪು ಹೂವಿರುವ ಬಟ್ಟೆ ಕೈಯಲ್ಲಿ ಹಿಡಿದಾಗ ಬಿಳಿ, ಆರಡಿ ದೂರದಲ್ಲಿ ಬೂದಿ. ದೊಡ್ಡ ಹೂವಿನ ಬಟ್ಟೆಯ ಕಥೆಯೇ ಬೇರೆ: ಹೂವಿನ ನಡುವಿನಿಂದ ಕತ್ತರಿಸಿದ ಚೌಕ ತಿಳಿಯಾಗಿಯೂ, ಎಲೆಯ ಜಾಗದಿಂದ ಕತ್ತರಿಸಿದ ಚೌಕ ಗಾಢವಾಗಿಯೂ ಬಂದು ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಇದನ್ನು ತಿಳಿಯಲು ರಟ್ಟಿನಲ್ಲಿ, ನೀವು ಹೊಲಿಯಲಿರುವ ಚೌಕದ ಅಳತೆಯ ಕಿಟಕಿಯೊಂದನ್ನು ಕತ್ತರಿಸಿ, ಬಟ್ಟೆಯ ಮೇಲೆ ಅದನ್ನು ಸರಿಸುತ್ತ ಹೋಗಿ. ಕಿಟಕಿಯೊಳಗೆ ಕಾಣುವುದಷ್ಟೇ ಕೌದಿಯಲ್ಲಿ ಉಳಿಯುವುದು.

ಮೂರನೆಯ ಹೆಜ್ಜೆ: ಚಿತ್ತಾರದ ಗಾತ್ರ

ದೊಡ್ಡ ಚಿತ್ತಾರದ್ದು ಒಂದು ಅಥವಾ ಎರಡು, ಮಧ್ಯಮದ್ದು ಮೂರು, ದೂರದಿಂದ ಪ್ಲೇನ್‌ನಂತೆ ಕಾಣುವ ಸಣ್ಣ ಬುಟ್ಟಾ ಅಥವಾ ಚುಕ್ಕೆಯವು ಮೂರು, ಗೆರೆ ಅಥವಾ ಚೌಕಳಿಯದು ಒಂದು, ಪೂರ್ತಿ ಪ್ಲೇನ್ ಒಂದು. ಎಲ್ಲವೂ ಹೂವಾದರೆ ಕಣ್ಣಿಗೆ ವಿಶ್ರಾಂತಿಯಿರುವುದಿಲ್ಲ. ಗೆರೆಯ ಬಟ್ಟೆ ಇಂಥಲ್ಲಿ ಬಹಳ ಉಪಕಾರಿ.

ತಮ್ಮದೇ ಚಿತ್ತಾರದ ಬಟ್ಟೆಯ ಸಂಗ್ರಹವನ್ನು ಅಚ್ಚು ಹಾಕಿಸಬೇಕೆಂಬ ಆಸೆಯಿರುವವರಿಗೆ ನಮ್ಮ ಜಿಲ್ಲೆಗಳಲ್ಲಿ ಮಾದರಿಗಳಿಗೆ ಬರವಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲಿನ ಜಾಲಂಧ್ರಗಳ (ರಂಧ್ರ ಕೊರೆದ ಕಿಟಕಿಗಳ) ಜ್ಯಾಮಿತಿಯ ಬಲೆ ಮಧ್ಯಮ ಗಾತ್ರದ ಚಿತ್ತಾರಕ್ಕೆ ಹೇಳಿ ಮಾಡಿಸಿದಂತಿದೆ. ದೇವಾಲಯ ನಿಂತಿರುವ ನಕ್ಷತ್ರಾಕಾರದ ಕಟ್ಟೆಯಾದ ಜಗತಿಯ ಮೂಲೆಗಳು ದೊಡ್ಡ ಚಿತ್ತಾರಕ್ಕೆ ಒದಗುತ್ತವೆ. ಹೂಮಳೆಯ ನಂತರ ರೆಂಬೆಯುದ್ದಕ್ಕೂ ಗೊಂಚಲಾಗಿ ಅರಳುವ ಬಿಳಿ ಕಾಫಿ ಹೂವು ಸಣ್ಣ ಬುಟ್ಟಾ ಆಗಬಲ್ಲದು. ಬಳಪದ ಕಲ್ಲಿನ ಹಸಿರು ಬೆರೆತ ಬೂದಿ, ಸಿಲ್ವರ್ ಓಕ್ ಎಲೆಯ ಅಡಿಭಾಗದ ಬೆಳ್ಳಿ ಬಣ್ಣ, ಕೆಮ್ಮಣ್ಣು, ಹಣ್ಣಾದ ಕಾಫಿಯ ಕೆಂಪು: ಈ ನಾಲ್ಕರಲ್ಲಿಯೇ ತಿಳಿ, ನಡು, ಗಾಢ ಮೂರೂ ಇವೆ.

ಚಿತ್ತಾರ ಎಲ್ಲಿಯೂ ಕೊಂಡಿ ತಪ್ಪದೆ ಪುನರಾವರ್ತನೆಯಾಗಬೇಕಾದರೆ ಹೀಗೆ ಮಾಡಿ. ಚೌಕ ಹಾಳೆಯ ನಡುವೆ, ಅಂಚು ಮುಟ್ಟದಂತೆ ಚಿತ್ರ ಬರೆಯಿರಿ. ಹಾಳೆಯನ್ನು ಮೇಲಿಂದ ಕೆಳಕ್ಕೆ ಸರಿಯಾಗಿ ಅರ್ಧಕ್ಕೆ ಕತ್ತರಿಸಿ, ಎಡದ ತುಂಡನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟು ಹಿಂಬದಿಯಿಂದ ಅಂಟಿಸಿ. ಈಗ ಅಡ್ಡಲಾಗಿ ಅರ್ಧಕ್ಕೆ ಕತ್ತರಿಸಿ ಮೇಲಿನದನ್ನು ಕೆಳಗೂ ಕೆಳಗಿನದನ್ನು ಮೇಲೂ ಇಟ್ಟು ಮತ್ತೆ ಅಂಟಿಸಿ. ಬರೆದ ಚಿತ್ರವೆಲ್ಲ ಮೂಲೆಗಳಿಗೆ ಹೋಗಿ ನಡುವೆ ಖಾಲಿ ಜಾಗ ಉಳಿದಿರುತ್ತದೆ. ಅದನ್ನು ಅಂಚು ಮುಟ್ಟದಂತೆ ತುಂಬಿಸಿದರೆ ಆ ಹಾಳೆಯ ಪ್ರತಿಗಳನ್ನು ಎಷ್ಟು ಬೇಕಾದರೂ ಪಕ್ಕಪಕ್ಕ ಇಡಬಹುದು. ಇದನ್ನು ಸ್ಕ್ಯಾನ್ ಮಾಡಿ ಡಿಜಿಟಲ್ ಮುದ್ರಣಕ್ಕೆ ಕೊಡುವವರು ಇಡೀ ಥಾನಿಗೆ ಹಣ ಕಟ್ಟುವ ಮೊದಲು ಒಂದು ಗೇಣಿನ ಮಾದರಿ ತರಿಸಲೇಬೇಕು. ಪರದೆಯ ಬಣ್ಣ ಬೆಳಕಿನಿಂದ ಆದದ್ದು, ಬಟ್ಟೆಯ ಬಣ್ಣ ಆ ಹೊಳಪಿಗೆ ಏರುವುದಿಲ್ಲ.

ನಾಲ್ಕನೆಯ ಹೆಜ್ಜೆ: ನೆರೆಯ ಬಣ್ಣ

ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್ ಅವರಿಗೆ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಕಪ್ಪು ಬಣ್ಣದಲ್ಲಿ ಕೊರತೆಯಿರಲಿಲ್ಲ, ಪಕ್ಕದಲ್ಲಿ ನೇಯ್ದಿದ್ದ ನೀಲಿ, ನೇರಳೆ ಬಣ್ಣಗಳು ಅದನ್ನು ಹಾಗೆ ತೋರಿಸುತ್ತಿದ್ದವು. ಈ ಅಧ್ಯಯನವನ್ನು ಅವರು 1839ರಲ್ಲಿ ಪ್ರಕಟಿಸಿದರು. ಕೌದಿ ಹೊಲಿಯುವವರಿಗೆ ಇದರಿಂದ ತಿಳಿಯುವುದೇನೆಂದರೆ, ಬಟ್ಟೆಯನ್ನು ಒಂಟಿಯಾಗಿ ನೋಡಿ ತೀರ್ಮಾನಿಸಬಾರದು. ಬೂದಿ ಬಟ್ಟೆ ಕೆಂಪಿನ ಪಕ್ಕದಲ್ಲಿ ತುಸು ಹಸಿರಾಗಿಯೂ, ಹಸಿರಿನ ಪಕ್ಕದಲ್ಲಿ ತುಸು ಕೆಂಪಾಗಿಯೂ ತೋರುತ್ತದೆ. ಯಾವುದರ ಪಕ್ಕ ಬರಲಿದೆಯೋ ಅದರ ಪಕ್ಕದಲ್ಲಿಟ್ಟೇ ಆರಿಸಿ.

ನೋಡುವ ಬೆಳಕೂ ಅಷ್ಟೇ ಮುಖ್ಯ. ಟ್ಯೂಬ್‌ಲೈಟಿನ ಕೆಳಗೆ ಒಂದೇ ಎನಿಸಿದ ಎರಡು ಕೆನೆ ಬಣ್ಣಗಳು ಹಗಲಿನಲ್ಲಿ ಒಂದು ಹಳದಿಗೂ ಒಂದು ಗುಲಾಬಿಗೂ ತಿರುಗುವುದುಂಟು. ಅಂಗಡಿಯವರನ್ನು ಕೇಳಿ ಬಟ್ಟೆಯನ್ನು ಬಾಗಿಲಿನವರೆಗೆ ತಂದು ನೋಡಿ, ಯಾರೂ ಬೇಡವೆನ್ನುವುದಿಲ್ಲ. ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದ ದಿನಗಳಲ್ಲಿ ಎಲ್ಲ ಬಣ್ಣಗಳೂ ಸ್ವಲ್ಪ ನೀಲಿಯ ಕಡೆಗೆ ವಾಲುವುದರಿಂದ ಮುಖ್ಯವಾದ ಖರೀದಿಯನ್ನು ಬಿಸಿಲಿನ ತಿಂಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಐದನೆಯ ಹೆಜ್ಜೆ: ಕೊಳ್ಳುವುದು, ಒಗೆಯುವುದು

ಎಲ್ಲ ಬಟ್ಟೆಯೂ ಶುದ್ಧ ಹತ್ತಿಯಾಗಿರಲಿ. ಟೆರಿಕಾಟ್ ಬೆರೆಸಿದರೆ ಹತ್ತಿ ಕುಗ್ಗಿ, ಅದು ಕುಗ್ಗದೆ, ಹೊಲಿಗೆ ಸುಕ್ಕಾಗುತ್ತದೆ. ಚಿನ್ನದ ಪುಡಿಯ ಮುದ್ರಣ ಬೇಡ, ಇಸ್ತ್ರಿಗೆ ಸಿಕ್ಕಿ ಏಳುತ್ತದೆ. ಗಂಜಿಯಿಂದ ಗರಿಗರಿಯಾದ ಅಗ್ಗದ ಬಟ್ಟೆಯ ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಪುಡಿ ಉದುರಿ ನೇಯ್ಗೆ ಜಾಲರಿಯಂತೆ ಕಂಡರೆ ಅಲ್ಲಿಯೇ ಬಿಡಿ. ಆನ್‌ಲೈನಿನಲ್ಲಿ ಸಿಗುವ, ಮೊದಲೇ ಕತ್ತರಿಸಿದ ಚೌಕಗಳ ಪೊಟ್ಟಣ ಸಮಯ ಉಳಿಸುತ್ತದೆ, ನಿಜ. ಆದರೆ ನಾನು ಕಂಡ ಪೊಟ್ಟಣಗಳಲ್ಲಿ ಬಹುತೇಕ ಎಲ್ಲವೂ ನಡು ಛಾಯೆಯವೇ. ಕೊಂಡರೆ ಜೊತೆಗೆ ತೀರ ತಿಳಿಯಾದದ್ದೊಂದು, ತೀರ ಗಾಢವಾದದ್ದೊಂದು ಪ್ಲೇನ್ ಬಟ್ಟೆ ಸೇರಿಸಿಕೊಳ್ಳಿ. ಟೈಲರ್ ಅಂಗಡಿಯ ಉಳಿಕೆ ತುಂಡುಗಳು ಇವೆಲ್ಲಕ್ಕಿಂತ ಮೇಲು.

ಲೆಕ್ಕ ಹೀಗಿದೆ. 60 ಅಂಗುಲ ಅಗಲ, 90 ಅಂಗುಲ ಉದ್ದದ ಕೌದಿಗೆ 5 ಅಂಗುಲದ ಚೌಕಗಳು 216 ಬೇಕು. ನಾಲ್ಕೂ ಬದಿಯಲ್ಲಿ ಹೊಲಿಗೆಗೆ ಕಾಲಿಂಚು ಬಿಡಬೇಕಾದ್ದರಿಂದ ಪ್ರತಿಯೊಂದನ್ನೂ 5.5 ಅಂಗುಲಕ್ಕೆ ಕತ್ತರಿಸಬೇಕು. 44 ಅಂಗುಲ ಪನ್ನದ (ಅಗಲದ) ಒಂದು ಮೀಟರಿನಲ್ಲಿ, ಎರಡೂ ಬದಿಯ ಅಂಚಿನ ಪಟ್ಟಿ ತೆಗೆದರೆ, ಕಾಗದದ ಮೇಲೆ 49 ಚೌಕ ಬರುತ್ತವೆ, ಆದರೆ ಒಗೆದ ಮೇಲೆ ಉದ್ದದಲ್ಲಿ ನೂರಕ್ಕೆ ಮೂರರಷ್ಟು ಕುಗ್ಗಿದರೂ ಒಂದು ಸಾಲು ಹೋಗಿ 42ಕ್ಕೆ ಇಳಿಯುತ್ತದೆ. ಹಾಗಾಗಿ ಮೇಲ್ಪದರಕ್ಕೆ ಎಲ್ಲ ಬಟ್ಟೆ ಸೇರಿ ಐದೂವರೆ ಮೀಟರ್ ತನ್ನಿ.

ಕತ್ತರಿಸುವ ಮೊದಲು ಪ್ರತಿಯೊಂದು ಬಟ್ಟೆಯ ಮೂಲೆಯನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಬಣ್ಣ ಹತ್ತಿದರೆ ಆ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಒಗೆಯಬೇಕು. ಅಚ್ಚ ಕೆಂಪು ಬಟ್ಟೆ, ನೀಲಿ ಬಣ್ಣದಲ್ಲಿ ಅದ್ದಿದ ಬಟ್ಟೆ ಇವುಗಳಲ್ಲಿ ಈ ಎಚ್ಚರಿಕೆ ಹೆಚ್ಚು ಬೇಕು. ಉಪ್ಪು ನೀರಿನಲ್ಲೋ ವಿನೆಗರ್‌ನಲ್ಲೋ ನೆನೆಸಿದರೆ ಬಣ್ಣ ನಿಲ್ಲುತ್ತದೆಂಬ ನಂಬಿಕೆ ಮನೆಮನೆಯಲ್ಲಿದೆ. ಈಗಾಗಲೇ ಮುದ್ರಣವಾದ ಹತ್ತಿಯ ಬಣ್ಣವನ್ನು ಅವು ಹಿಡಿದು ನಿಲ್ಲಿಸಲಾರವು. ಒಗೆದ ಮೇಲೂ ಬಣ್ಣ ಬಿಡುವ ಬಟ್ಟೆಯನ್ನು ತಿಳಿ ಬಟ್ಟೆಗಳಿರುವ ಕೌದಿಗೆ ಸೇರಿಸಬೇಡಿ.

ಕೊನೆಯ ಹೆಜ್ಜೆ

ಕತ್ತರಿಸಿದ ಚೌಕಗಳನ್ನು ಹಾಸಿಗೆಯ ಮೇಲೆ ಹರಡಿ, ಚಿತ್ರ ತೆಗೆದು, ಒಂದು ರಾತ್ರಿ ಬಿಟ್ಟು ಮರುದಿನ ಹಗಲಿನಲ್ಲಿ ನೋಡಿ. ಗಾಢವಾದವು ಒಂದೇ ಮೂಲೆಯಲ್ಲಿ ಗುಂಪುಗೂಡಿದ್ದರೆ ಚದುರಿಸಿ. ಕೌದಿಯ ಅಂಚನ್ನು ಮುಚ್ಚಲು ಸುತ್ತಲೂ ಹೊಲಿಯುವ ಪಟ್ಟಿಯ ಬಟ್ಟೆಯನ್ನು ಮಾತ್ರ ಈಗಲೇ ಕೊಳ್ಳಬೇಡಿ. ಮೇಲ್ಪದರ ಪೂರ್ತಿ ಹೊಲಿದಾದ ಮೇಲೆ ಅದನ್ನೇ ಮಡಿಸಿ ಅಂಗಡಿಗೆ ಒಯ್ದು, ಗುಂಪಿನಲ್ಲಿರುವ ಗಾಢ ಬಣ್ಣಕ್ಕಿಂತ ಒಂದು ಮೆಟ್ಟಿಲು ಹೆಚ್ಚು ಗಾಢವಾದದ್ದನ್ನು ಆರಿಸಿ. 60ಕ್ಕೆ 90ರ ಕೌದಿಗೆ ಎರಡೂವರೆ ಅಂಗುಲ ಅಗಲದ ಪಟ್ಟಿ ಸುತ್ತಲೂ ಸುಮಾರು 310 ಅಂಗುಲ ಬೇಕಾಗುವುದರಿಂದ, ಮುಕ್ಕಾಲು ಮೀಟರ್ ತಂದರೆ ಕೂಡಿಸುವಾಗ ಕೊರತೆಯಾಗುವುದಿಲ್ಲ.