ಐದು ಹುದ್ದೆ, ಇಬ್ಬರೇ ಜನ: ಆಸ್ಪತ್ರೆಯ ಐಟಿ ವಿಭಾಗದಲ್ಲಿ ನನ್ನ ಅನುಭವ

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಟಿ ವಿಭಾಗದಲ್ಲಿ ನಾನು ಹಲವು ವರ್ಷಗಳಿಂದ ಇದ್ದೇನೆ. ಕಾಗದದ ಮೇಲೆ ನಮ್ಮ ವಿಭಾಗಕ್ಕೆ ಐದು ಹುದ್ದೆ. ಬಹುಕಾಲ ದುಡಿದವರು ಮಾತ್ರ ಇಬ್ಬರೇ, ನಾನು ಮತ್ತು ಒಬ್ಬ ಕಿರಿಯ ಹುಡುಗ. ಓಪಿಡಿ ನೋಂದಣಿ, ಬಿಲ್ಲಿಂಗ್, ಲ್ಯಾಬ್, ಎಕ್ಸ್‌ರೇ, ಔಷಧಿ ಅಂಗಡಿ, ವಾರ್ಡುಗಳು ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಕಂಪ್ಯೂಟರು. ಹೊಸ ಹುಡುಗರು ಬರುತ್ತಾರೆ, ಕೆಲಸ ಕಲಿಯುತ್ತಾರೆ, ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಅದಕ್ಕಾಗಿ ಅವರನ್ನು ದೂರುವುದು ಸರಿಯಲ್ಲ. ಇಲ್ಲಿ ಸಿಗುವ ಪಗಾರದಲ್ಲಿ ಮನೆ ನಡೆಸುವುದು ಕಷ್ಟ.

ಬೆಳಗ್ಗೆ ಕಾಲಿಟ್ಟ ಕೂಡಲೇ ಫೋನು ಶುರು. 'ಸರ, ಪ್ರಿಂಟರ್ ಹೊಡಿವಲ್ದ್ರಿ.' 'ನೆಟ್ ಬರವಲ್ದ್ರಿ ಸರ, ಲಗೂನ ಬರ್ರಿ.' ಒಂದು ಮಹಡಿಯಿಂದ ಇನ್ನೊಂದಕ್ಕೆ ಓಡಾಡುವುದರಲ್ಲೇ ಹೊತ್ತು ಮುಳುಗುತ್ತಿತ್ತು. ಸರ್ವರ್ ನೋಡುವುದು, ಬ್ಯಾಕಪ್ ಪರೀಕ್ಷಿಸುವುದು, ಅಪ್‌ಡೇಟ್ ಹಾಕುವುದು ಎಲ್ಲ ರಾತ್ರಿಗೆ ಉಳಿಯುತ್ತಿತ್ತು. ರಾತ್ರಿಯೂ ಫೋನು ಬರುತ್ತಿತ್ತು.

ಇದು ಬರೀ ನಮ್ಮ ದಣಿವಿನ ಮಾತಲ್ಲ. ಒಂದು ಮಧ್ಯಾಹ್ನ ಬಿಲ್ಲಿಂಗ್ ಕೌಂಟರಿನ ಕಂಪ್ಯೂಟರುಗಳನ್ನು ಜಾಲಕ್ಕೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಸುಟ್ಟುಹೋಯಿತು. ಬದಲಿ ಸ್ವಿಚ್ ಇಟ್ಟುಕೊಳ್ಳಲು ಬೇಡಿಕೆ ಕೊಟ್ಟಿದ್ದರೂ ಮಂಜೂರಾಗಿರಲಿಲ್ಲ. ಡಿಸ್ಚಾರ್ಜ್ ಆದವರ ಸಾಲು ಬಾಗಿಲು ದಾಟಿತು. ಮುಂಡರಗಿ ಕಡೆಯ ಒಬ್ಬ ಹಿರಿಯರು ಕೈಯಲ್ಲಿ ಚೀಟಿ ಹಿಡಿದು, 'ಸಾಹೇಬ್ರ, ಕಡೀ ಬಸ್ಸು ತಪ್ಪಿದ್ರ ರಾತ್ರಿಯೆಲ್ಲಾ ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರಬೇಕಾಗತೈತ್ರಿ' ಅಂದರು. ಅವರ ಹೆಂಡತಿ ಹೊಟ್ಟೆಯ ಆಪರೇಷನ್ ಆಗಿ ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯ ಜನ ಕಾಯಿಲೆ ಬಂದರೆ ನಂಬಿಕೊಂಡು ಬರುವ ಊರು ಇದು. ನಮ್ಮ ವಿಭಾಗದಲ್ಲಿ ಆಳಿಲ್ಲದ ಕಷ್ಟ ಕೊನೆಗೆ ಹೋಗಿ ಬೀಳುವುದು ಇಂಥವರ ಮೇಲೆ.

ಆದರೂ ಆಡಳಿತಕ್ಕೆ ಅದು ಕಾಣುತ್ತಿರಲಿಲ್ಲ. ಯಾಕೆ ಕಾಣುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಒಂದು ಮೇ ತಿಂಗಳ ಗುಡುಗು ಮಳೆಯಲ್ಲಿ. ಸಂಜೆ ಕರೆಂಟ್ ಹೋಯಿತು. ಯುಪಿಎಸ್ ಜನರೇಟರ್ ಹತ್ತುವವರೆಗೂ ತಾಳಲಿಲ್ಲ, ಸರ್ವರ್ ಏಕಾಏಕಿ ನಿಂತುಹೋಯಿತು. ಯುಪಿಎಸ್‌ನಲ್ಲಿರುವ ಸೀಲ್ಡ್ ಲೆಡ್ ಆ್ಯಸಿಡ್ ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. 25 ಡಿಗ್ರಿ ಮೀರಿ ಪ್ರತಿ ಹತ್ತು ಡಿಗ್ರಿ ಶಾಖ ಏರಿದರೆ ಅದು ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ನಮ್ಮ ಬ್ಯಾಟರಿಗಳು ಇದ್ದದ್ದು ಎಸಿ ಇಲ್ಲದ, ಬಿಸಿಲು ಬೀಳುವ ಗೋಡೆಯ ಕೋಣೆಯಲ್ಲಿ. ಬದಲಿಸಬೇಕೆಂದು ಕೊಟ್ಟ ಪತ್ರ 'ಮುಂದಿನ ವರ್ಷ ನೋಡೋಣ' ಎಂಬ ಷರಾ ಹೊತ್ತು ವಾಪಸ್ ಬಂದಿತ್ತು. ಆ ರಾತ್ರಿ ಇಬ್ಬರೂ ಮನೆಗೆ ಹೋಗದೆ ಡೇಟಾಬೇಸ್ ಸರಿಪಡಿಸಿದೆವು. ಬೆಳಗ್ಗೆ ಓಪಿಡಿ ಎಂದಿನಂತೆ ತೆರೆಯಿತು. ಹಾಗಾಗಿ ಆಡಳಿತದ ಪಾಲಿಗೆ ಹಿಂದಿನ ರಾತ್ರಿ ಏನೂ ನಡೆದೇ ಇರಲಿಲ್ಲ. ಖಾಲಿ ಇರುವ ಮೂರು ಹುದ್ದೆಗಳನ್ನು ನಾವು ನಮ್ಮ ನಿದ್ದೆಯಿಂದ ತುಂಬುತ್ತಿದ್ದರೆ ಆ ಹುದ್ದೆಗಳು ಯಾರಿಗೆ ತಾನೇ ಬೇಕು?

ಮರುದಿನದಿಂದ ಒಂದು ರಿಜಿಸ್ಟರ್ ಇಟ್ಟೆವು. ಸಾಫ್ಟ್‌ವೇರ್ ಏನಿಲ್ಲ, ಗೆರೆ ಹೊಡೆದ ದಪ್ಪ ನೋಟ್‌ಬುಕ್ಕು. ಯಾರು ಕರೆದರು, ಏನು ತೊಂದರೆ, ಎಷ್ಟು ಹೊತ್ತು ಹಿಡಿಯಿತು ಎಂದು ಎಲ್ಲರೂ ಬರೆಯುತ್ತಾರೆ. ನಾವು ಇನ್ನೊಂದು ಕಾಲಂ ಸೇರಿಸಿದೆವು: 'ಈ ಕೆಲಸಕ್ಕಾಗಿ ಬಿಟ್ಟ ಕೆಲಸ'. ವಾರ್ಡಿನ ಪ್ರಿಂಟರಿಗೆ ಹೋದಾಗ ಬ್ಯಾಕಪ್ ಪರೀಕ್ಷೆ ಬಿಟ್ಟಿದ್ದರೆ ಹಾಗೆಂದೇ ಬರೆದೆವು. ವೈದ್ಯರೊಬ್ಬರ ಮನೆಯ ವೈಫೈ ಸರಿಮಾಡಲು ಹೋಗಿ ಲ್ಯಾಬ್ ಸರ್ವರಿನ ಅಪ್‌ಡೇಟ್ ಬಿಟ್ಟಿದ್ದರೆ ಅದನ್ನೂ ಬರೆದೆವು. ದೂರುವ ಧಾಟಿ ಎಲ್ಲೂ ಬರದಂತೆ ಎಚ್ಚರ ವಹಿಸಿದೆವು. ಇಂಥ ಪುಸ್ತಕದಲ್ಲಿ ಒಂದು ಸಿಟ್ಟಿನ ಸಾಲು ಸಿಕ್ಕರೂ ಸಾಕು, ಓದುವವರು ಉಳಿದದ್ದನ್ನು ನಂಬುವುದಿಲ್ಲ.

ಕೆಲವು ತಿಂಗಳ ನಂತರ ಆ ಕಾಲಮ್ಮಿನ ಸಾರಾಂಶವನ್ನು ಒಂದೇ ಹಾಳೆಯಲ್ಲಿ ಬರೆದು ಆಡಳಿತಾಧಿಕಾರಿಗಳ ಮುಂದಿಟ್ಟೆ. ಅವರು ಕೆಟ್ಟವರಲ್ಲ, ಅವರ ಮೇಜಿಗೆ ಬರುತ್ತಿದ್ದದ್ದು ಬೇರೆಯವರ ದೂರುಗಳು ಮಾತ್ರ. 'ಪ್ರಿಂಟರಿಗೇ ಇಷ್ಟು ಟೈಮ್ ಹೋಗತೈತೇನ್ರಿ?' ಎಂದು ಕೇಳಿ, ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. ನಾನು ಅಂದು ಜನ ಕೊಡಿ ಎಂದು ಕೇಳಲಿಲ್ಲ. ಇಬ್ಬರಿಂದ ಆಗುವಷ್ಟು ಕೆಲಸ ಯಾವುದು, ಆಗದೆ ಉಳಿಯುವುದು ಯಾವುದು, ನೀವೇ ಆರಿಸಿ ಸಹಿ ಮಾಡಿಕೊಡಿ ಸರ್ ಎಂದೆ.

ಅವರು ಆರಿಸಿದರು. ತುರ್ತು ಚಿಕಿತ್ಸೆ, ಐಸಿಯು, ಲ್ಯಾಬ್, ಬಿಲ್ಲಿಂಗ್ ಮೊದಲು. ಸಿಬ್ಬಂದಿಯ ಸ್ವಂತ ಫೋನು, ಲ್ಯಾಪ್‌ಟಾಪು, ಮನೆಯ ವೈಫೈ ನಮ್ಮ ಕೆಲಸವಲ್ಲ. ಸಿಸಿಟಿವಿ ದೃಶ್ಯ ಹುಡುಕುವುದು ಸೆಕ್ಯುರಿಟಿಯವರಿಗೆ. ಸುತ್ತೋಲೆ ಹೊರಟ ವಾರವೇ ಒಬ್ಬ ಹಿರಿಯ ವೈದ್ಯರು ನನ್ನ ಮೇಲೆ ಸಿಟ್ಟಾದರು. ಸಹಿ ಆಡಳಿತಾಧಿಕಾರಿಗಳದ್ದಾದ್ದರಿಂದ ಆ ಜಗಳ ನನ್ನ ತಲೆಗೆ ಬರಲಿಲ್ಲ. ಪ್ರಿಂಟರಿಗಾಗಿ ಪ್ರತಿ ಮಹಡಿಯಲ್ಲಿ ಒಬ್ಬರಿಗೆ ಟೋನರ್ ಬದಲಿಸುವುದು, ಸಿಕ್ಕಿಬಿದ್ದ ಕಾಗದ ತೆಗೆಯುವುದು, ಬಾರ್‌ಕೋಡ್ ಲೇಬಲ್ ಸುರುಳಿ ಹಾಕುವುದು ಕಲಿಸಿದೆವು. ಕನ್ನಡದಲ್ಲಿ, ಚಿತ್ರ ಸಮೇತ, ಒಂದೊಂದು ಹಾಳೆ ಬರೆದು ಪ್ರಿಂಟರಿನ ಮೇಲೆಯೇ ಅಂಟಿಸಿದೆವು. ನರ್ಸ್ ಅಕ್ಕಾರು ನಮಗಿಂತ ಚೆನ್ನಾಗಿ ಮಾಡುತ್ತಾರೆ ಈಗ.

ಹೀಗೆ ಉಳಿದ ಹೊತ್ತನ್ನು ಮೊದಲು ಬ್ಯಾಕಪ್ಪಿಗೆ ಹಾಕಿದೆವು. ಅದನ್ನು ತೆಗೆದಿಟ್ಟರೆ ಮುಗಿಯಲಿಲ್ಲ, ಬೇರೆ ಯಂತ್ರದಲ್ಲಿ ತೆರೆದು ನೋಡಬೇಕು. ನೋಡಿದಾಗ ಡೇಟಾಬೇಸ್ ಬಂತು, ಸ್ಕ್ಯಾನ್ ಮಾಡಿ ಸೇರಿಸಿದ ಕಾಗದಪತ್ರಗಳು ಬರಲಿಲ್ಲ. ಸಾಫ್ಟ್‌ವೇರ್ ಕಂಪನಿಯವರು ಆ ಫೋಲ್ಡರನ್ನು ಬ್ಯಾಕಪ್ಪಿನಲ್ಲಿ ಸೇರಿಸಿಯೇ ಇರಲಿಲ್ಲ. ಈಗ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಊರಾಚೆ. ಊರಾಚೆಯ ಪ್ರತಿ ಎನ್‌ಕ್ರಿಪ್ಟ್ ಆದ, ಅಂದರೆ ಪಾಸ್‌ವರ್ಡ್ ಇಲ್ಲದೆ ಓದಲಾಗದ, ಡಿಸ್ಕಿನಲ್ಲಿ ಧಾರವಾಡದ ನಮ್ಮ ಕ್ಲಿನಿಕ್ಕಿನ ಲಾಕರಿಗೆ ಹೋಗುತ್ತದೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ ದಿನಾ ಓಡಾಡುವ ಅಕೌಂಟ್ಸಿನ ಅಕ್ಕಾರು ಸಹಿ ಮಾಡಿ ಒಯ್ಯುತ್ತಾರೆ. ಸದಾ ಸರ್ವರಿಗೆ ಜೋಡಿಸಿಟ್ಟ ಡಿಸ್ಕನ್ನು ನಾನು ಬ್ಯಾಕಪ್ ಎಂದು ಒಪ್ಪುವುದಿಲ್ಲ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಅದೂ ಹೋಗುತ್ತದೆ.

ಎಕ್ಸ್‌ರೇ ಯಂತ್ರದ ಕಂಪ್ಯೂಟರಿನಲ್ಲಿ ಇಂದಿಗೂ ವಿಂಡೋಸ್ 7 ಇದೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2020ರ ಜನವರಿ 14ರಂದು. ಬದಲಿಸಿದರೆ ಯಂತ್ರ ನಡೆಯುವ ಖಾತ್ರಿಯನ್ನು ಅದರ ಕಂಪನಿ ಕೊಡುವುದಿಲ್ಲ. ಆ ಕಂಪ್ಯೂಟರನ್ನು ಬೇರೆ ವಿಎಲ್ಯಾನ್‌ಗೆ (ಉಳಿದವುಗಳಿಂದ ಬೇರ್ಪಡಿಸಿದ ಜಾಲಕ್ಕೆ) ಹಾಕಿ, ಇಂಟರ್ನೆಟ್ ತೆಗೆದು, ಚಿತ್ರ ಸಂಗ್ರಹಿಸುವ ಸರ್ವರಿನ ಜೊತೆ ಮಾತ್ರ, ಅದೂ ಒಂದೇ ಪೋರ್ಟಿನಲ್ಲಿ (ಸಂಪರ್ಕದ ಒಂದೇ ಬಾಗಿಲಲ್ಲಿ), ಮಾತಾಡುವಂತೆ ಮಾಡಿದೆವು. ಪೆನ್‌ಡ್ರೈವ್ ಬಂದ್. ಹೊಸ ಕಂಪ್ಯೂಟರಿಗೆ ದುಡ್ಡಿಲ್ಲದವರಿಗೆ ಇರುವ ದಾರಿ ಇದು.

ಜನ ಬೇಕೆಂದು ಕೇಳಿದ್ದು ಇಷ್ಟೆಲ್ಲ ಆದ ಮೇಲೆ. 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಯಂತ್ರಗಳಲ್ಲಿ ಏನೇನು ನಡೆಯಿತೆಂಬ ದಾಖಲೆ) 180 ದಿನ ಇಟ್ಟುಕೊಂಡಿರಬೇಕು. ಅದೇ ವರ್ಷ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ದಾಳಿಯಾಗಿ, ದಿನಗಟ್ಟಲೆ ಎಲ್ಲವನ್ನೂ ಕೈಯಲ್ಲಿ ಬರೆಯಬೇಕಾಯಿತು. ರಾತ್ರಿ ಎರಡಕ್ಕೆ ನಮ್ಮಲ್ಲಿ ಹಾಗಾದರೆ ನೋಡುವವರು ಯಾರು ಎಂದು ಸಭೆಯಲ್ಲಿ ಕೇಳಿ, ರಿಜಿಸ್ಟರ್ ತೆರೆದಿಟ್ಟೆ. ಬ್ಯಾಟರಿ ಮಂಜೂರಾಯಿತು, ಬದಲಿ ಸ್ವಿಚ್ ಬಂತು, ರಾತ್ರಿ ಪಾಳಿಗೆ ಒಬ್ಬರು ಬಂದರು.

ಕಿರಿಯ ಹುಡುಗ ಈ ವರ್ಷ ಬೆಂಗಳೂರಿಗೆ ಹೋದ. 'ಹೊಂಟೀನ್ರಿ ಅಣ್ಣಾ, ಮನ್ಯಾಗ ಸಾಲ ಐತಿ' ಅಂದ. ತಡೆಯಲು ನನ್ನ ಬಳಿ ಏನಿತ್ತು? ಹೋಗುವ ಮೊದಲು ಲ್ಯಾಬ್ ಸರ್ವರಿನ ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ಬರೆದಿಟ್ಟು ಹೋದ. ಅವನ ಜಾಗಕ್ಕೆ ಬಂದವನು ಅದನ್ನೇ ಮುಂದಿಟ್ಟುಕೊಂಡು ಕೆಲಸ ಮಾಡುತ್ತಿದ್ದಾನೆ. ಇನ್ನೂ ಎರಡು ಹುದ್ದೆ ಖಾಲಿ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿದೆ. ಆ ಕಂಪ್ಯೂಟರುಗಳ ಪಟ್ಟಿಯನ್ನು, ಯಾವುದನ್ನು ಮೊದಲು ಬದಲಿಸಬೇಕೆಂಬ ಕ್ರಮದಲ್ಲಿ, ಆಡಳಿತಾಧಿಕಾರಿಗಳಿಗೆ ಕೊಟ್ಟಿದ್ದೇನೆ. ಮೊದಲ ಹೆಸರು ಬಿಲ್ಲಿಂಗ್ ಕೌಂಟರಿನದು.