ಊಟ ಸರಿಯಿತ್ತು, ಕಾಫಿ ಕೆಡಿಸುತ್ತಿತ್ತು

ಹಾಲು, ಮೊಟ್ಟೆ ಎರಡನ್ನೂ ಬಿಟ್ಟು ಎಂಟು ತಿಂಗಳಾಗಿತ್ತು. ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಉದ್ದ ಓಟ. 18 ಕಿಲೋಮೀಟರ್ ದಾಟುತ್ತಿದ್ದಂತೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಮನೆಯ ಮೆಟ್ಟಿಲು ಹತ್ತಿದರೂ ಏದುಸಿರು. ಪ್ರೋಟೀನ್ ಸಾಲುತ್ತಿಲ್ಲ ಅಂದುಕೊಂಡು ಸೋಯಾ ಪುಡಿಗೆ ಸುಮ್ನೆ ದುಡ್ಡು ಸುರಿದೆ. ಏನೂ ಆಗಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು: ಫೆರಿಟಿನ್, ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ, ಬರೀ 11; ವಿಟಮಿನ್ ಬಿ12 ಕೂಡ ಕಡಿಮೆ. ದಿನಾ ಹುರುಳಿ ಸಾರು, ಸೊಪ್ಪಿನ ಪಲ್ಯ ತಿಂದೂ ಹೀಗಾ? ಎಡವಟ್ಟು ಇದ್ದದ್ದು ಊಟದ ಬೆನ್ನಿಗೇ ಕುಡಿಯುತ್ತಿದ್ದ ಕಾಫಿಯಲ್ಲಿ. ಕಾಫಿ, ಟೀ ಎರಡೂ ಸೊಪ್ಪು-ಕಾಳಿನ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ. ಈಗ ಊಟಕ್ಕೂ ಕಾಫಿಗೂ ನಡುವೆ ಒಂದೂವರೆ ಗಂಟೆ ಬಿಡುತ್ತೇನೆ. (ಹಾಲಿಲ್ಲದ ಕಾಫಿ ಕಲಿತದ್ದೇ ದೊಡ್ಡ ಸಾಹಸ, ಅದರ ಮೇಲೆ ಇದು ಬೇರೆ.) ಹುರುಳಿಯನ್ನು ಮೊಳಕೆ ಕಟ್ಟಿ ಉಸಲಿ ಮಾಡಿ, ಒಲೆ ಆರಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡುತ್ತೇನೆ. ನಿಂಬೆಯ ವಿಟಮಿನ್ ಸಿ ಇದ್ದರೆ ಕಬ್ಬಿಣ ಜಾಸ್ತಿ ಹತ್ತುತ್ತದೆ. ಸೊಪ್ಪು-ಕಾಳಿನಿಂದ ಬಿ12 ಸಿಗುವುದಿಲ್ಲ, ಅದಕ್ಕೆ ಮಾತ್ರೆಯೇ ಗತಿ. ಮೂರು ತಿಂಗಳು ಕಬ್ಬಿಣದ ಮಾತ್ರೆಯನ್ನೂ ಡಾಕ್ಟರು ಕೊಟ್ಟರು.

ಮೊನ್ನೆ 30 ಕಿಲೋಮೀಟರ್ ಓಡಿದೆ. 26ರಲ್ಲಿ ಸುಸ್ತಾಯಿತು. ಅದು ಎಲ್ಲರಿಗೂ ಆಗುವ ಸುಸ್ತು ಬಿಡಿ.